ಕತ್ತಲಾದರೆ ಕಣ್ಣು ಮುಚ್ಚುವ ಕ್ಯಾಮೆರಾ: ಯುಎಸ್‌ಬಿ ಅಡಾಪ್ಟರ್ ದೋಷ ಹುಡುಕಿದ ಬಗೆ

ದೋಷ ಇದು: ಹಗಲೆಲ್ಲ ಸರಿಯಾಗಿ ಓಡುವ ವೈಫೈ ಕ್ಯಾಮೆರಾ ಸಂಜೆ ಆರೂವರೆ ಹೊತ್ತಿಗೆ ಆಫ್‌ಲೈನ್ ಆಗುತ್ತದೆ. ಬೆಳಕು ಹರಿದ ಮೇಲೆ ತಾನಾಗಿಯೇ ವಾಪಸ್ ಬರುತ್ತದೆ. ರಾತ್ರಿಯ ರೆಕಾರ್ಡಿಂಗ್ ಒಂದೂ ಇಲ್ಲ.

ಜಾಗ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ, ನಮ್ಮ ಭಾವನ ಕಾಫಿ ತೋಟ. ಜನವರಿ ತಿಂಗಳು, ಕಣದ ತುಂಬ ಹಣ್ಣು ಹರಡಿತ್ತು. ಒಣಗಿದ ಕಾಫಿ ಮೂಟೆ ರಾತ್ರೋರಾತ್ರಿ ಮಾಯವಾಗುವುದು ಮಲೆನಾಡಿನಲ್ಲಿ ಹೊಸ ಸುದ್ದಿಯಲ್ಲ. ಕ್ಯಾಮೆರಾ ಹಾಕಿಸಿದ್ದೇ ರಾತ್ರಿಗೋಸ್ಕರ. ಅದು ಹಗಲು ಕೋಳಿ ಓಡಾಡುವುದನ್ನು ತೋರಿಸಿ ರಾತ್ರಿ ಮಲಗಿಬಿಡುತ್ತಿತ್ತು. ನಾನು ಹಾಸನದಲ್ಲಿ ಸಣ್ಣದೊಂದು ರಿಪೇರಿ ಅಂಗಡಿ ಇಟ್ಟುಕೊಂಡಿರುವುದರಿಂದ ಭಾನುವಾರ ಬಂದು ನೋಡು ಎಂದು ಅಕ್ಕನ ಮನೆಯಿಂದ ಕರೆ ಬಂತು. ಊಟಕ್ಕೆ ಕಡುಬು ಇದೆ ಅಂದಿದ್ದರಿಂದ ಶನಿವಾರವೇ ಹೊರಟೆ.

ಅನುಮಾನ ಯಾರ ಮೇಲೆಲ್ಲ ಇತ್ತು

ನಾನು ಹೋಗುವಷ್ಟರಲ್ಲಿ ಮನೆಯವರು ಮೂರು ಜನ ಆರೋಪಿಗಳನ್ನು ಹಿಡಿದಿಟ್ಟಿದ್ದರು. ಒಂದು ವೈಫೈ, ಇನ್ನೊಂದು ಮಂಜು, ಮೂರನೆಯದು ಕರೆಂಟು.

ವೈಫೈ ತಪ್ಪಿಲ್ಲ ಎಂದು ತಿಳಿಯಲು ಐದು ನಿಮಿಷ ಸಾಕಾಯಿತು. ಕ್ಯಾಮೆರಾ ಪಕ್ಕ ಫೋನ್ ಹಿಡಿದು ನಿಂತರೆ ರಾತ್ರಿ ಎಂಟಕ್ಕೂ ಸಿಗ್ನಲ್ ಗಟ್ಟಿಯಾಗಿತ್ತು. ಮಂಜು ಬೆಳಗಿನ ಜಾವಕ್ಕೆ ಇಳಿಯುವುದು, ಕ್ಯಾಮೆರಾ ಸಾಯುವುದು ಸಂಜೆ. ಆದ್ದರಿಂದ ಅದೂ ಬಿಟ್ಟೆ. ಕರೆಂಟಿನ ವಿಷಯದಲ್ಲಿ ಮಾತ್ರ ಭಾವನ ವಾದ ಬಲವಾಗಿತ್ತು. ‘ಸಂಜೆ ಆದ್ಮೇಲೆ ವೋಲ್ಟೇಜ್ ಬಿದ್ದೋಗ್ತದೆ ಕಣೋ, ಮಿಕ್ಸಿನೇ ತಿರುಗಲ್ಲ, ಇನ್ನು ಕ್ಯಾಮೆರಾ ಹೆಂಗೆ ಓಡ್ತದೆ?’

ಪ್ಲಗ್ ಪಾಯಿಂಟಿಗೆ ಮೀಟರ್ ಹಿಡಿದೆ: 175 ವೋಲ್ಟ್. 230 ಇರಬೇಕಾದ ಕಡೆ 175 ಎಂದರೆ ಕಡಿಮೆಯೇ. ಆದರೆ ಮಿಕ್ಸಿಯ ಕಷ್ಟ ಬೇರೆ, ಚಾರ್ಜರಿನ ಕಷ್ಟ ಬೇರೆ. ಈಗಿನ ಹೆಚ್ಚುಕಡಿಮೆ ಎಲ್ಲ ಯುಎಸ್‌ಬಿ ಅಡಾಪ್ಟರ್‌ಗಳ ಮೇಲೂ ಇನ್‌ಪುಟ್ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಬರುವ ಎಸಿಯನ್ನು (ದಿಕ್ಕು ಬದಲಿಸುತ್ತಲೇ ಇರುವ ಕರೆಂಟನ್ನು) ಅದು ಒಳಗೆ ಡಿಸಿ (ಒಂದೇ ದಿಕ್ಕಿನದು) ಮಾಡಿಕೊಂಡು, ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಮಾಡಿ, ಹೊರಗೆ 5 ವೋಲ್ಟ್ ಬರುವಂತೆ ತಾನೇ ಸರಿಮಾಡಿಕೊಳ್ಳುತ್ತದೆ. 175 ಬಂದರೂ ಅದಕ್ಕೆ ಸಮ, 230 ಬಂದರೂ ಸಮ. ಕರೆಂಟಿನವರಿಗೆ ಬೈಯಲು ಮಲೆನಾಡಿನಲ್ಲಿ ಬೇಕಾದಷ್ಟು ಕಾರಣಗಳಿವೆ, ಇದು ಮಾತ್ರ ಅದರಲ್ಲಿ ಸೇರುವುದಿಲ್ಲ.

ನಿಜವಾದ ಸುಳಿವು ಸಿಕ್ಕಿದ್ದು ಭಾವ ತಮಾಷೆಗೆ ಹೇಳಿದ ಮಾತಿನಲ್ಲಿ. ‘ಕತ್ಲಾದ್ರೆ ಸಾಕು, ಅದ್ರೊಳಗೆ ಹಲ್ಲಿ ಸೇರ್ಕೊಂಡು ಲೊಚಗುಡ್ತದೆ.’ ಏಣಿ ಹಾಕಿ ಹತ್ತಿ ಕಿವಿಗೊಟ್ಟೆ. ಹೌದು, ಅರ್ಧ ನಿಮಿಷಕ್ಕೊಮ್ಮೆ ‘ಟಿಕ್’. ಅದು ಹಲ್ಲಿಯಲ್ಲ. ಲೆನ್ಸಿನ ಹಿಂದೆ ಇನ್‌ಫ್ರಾರೆಡ್ ಬೆಳಕನ್ನು ತಡೆಯುವ ಸಣ್ಣ ಗಾಜಿನ ಫಿಲ್ಟರ್ ಇರುತ್ತದೆ. ಕತ್ತಲಾದಾಗ ಅದು ಪಕ್ಕಕ್ಕೆ ಸರಿಯುತ್ತದೆ, ಬೆಳಕಾದಾಗ ವಾಪಸ್ ಬರುತ್ತದೆ. ದಿನಕ್ಕೆರಡು ಸಲ ಆಗಬೇಕಾದ ಶಬ್ದ ನಿಮಿಷಕ್ಕೆರಡು ಸಲ ಆಗುತ್ತಿದೆ ಎಂದರೆ ಕ್ಯಾಮೆರಾ ಸತ್ತಿಲ್ಲ. ರಾತ್ರಿಯಿಡೀ ಸತ್ತು ಹುಟ್ಟಿ ಸತ್ತು ಹುಟ್ಟಿ ಮಾಡುತ್ತಿದೆ. ಆನ್ ಆಗುತ್ತದೆ, ಕತ್ತಲು ಗೊತ್ತಾಗುತ್ತದೆ, ಇನ್‌ಫ್ರಾರೆಡ್ ಎಲ್‌ಇಡಿಗಳನ್ನು ಹೊತ್ತಿಸುತ್ತದೆ, ಆ ಹೊರೆಗೆ ವೋಲ್ಟೇಜ್ ಕುಸಿಯುತ್ತದೆ, ರೀಸ್ಟಾರ್ಟ್. ವೈಫೈಗೆ ಸೇರಿಕೊಳ್ಳುವಷ್ಟು ಪುರುಸೊತ್ತೂ ಅದಕ್ಕೆ ಸಿಗುತ್ತಿರಲಿಲ್ಲ.

ಈ ಪರೀಕ್ಷೆ ಮಾಡಲು ಸಂಜೆಯವರೆಗೆ ಕಾಯಬೇಕಿಲ್ಲ. ಹಗಲಲ್ಲೇ ಕ್ಯಾಮೆರಾ ಮುಖಕ್ಕೆ ದಪ್ಪ ಕಪ್ಪು ಬಟ್ಟೆ ಸುತ್ತಿ. ಒಂದೆರಡು ನಿಮಿಷದಲ್ಲಿ ಅದು ರಾತ್ರಿಯೆಂದು ತಿಳಿದು ತನ್ನ ರೋಗ ತೋರಿಸುತ್ತದೆ.

ಅಡಾಪ್ಟರಿನ ಬೆನ್ನು ಓದುವುದು

ಕ್ಯಾಮೆರಾ ಲೇಬಲ್ ಮೇಲೆ 5 ವೋಲ್ಟ್, 1 ಆಂಪ್ ಎಂದಿತ್ತು. ಹಾಕಿದ್ದ ಅಡಾಪ್ಟರ್ ಹಳೆಯ ಮೊಬೈಲಿನದು, ಅದರ ಮೇಲೂ 5 ವೋಲ್ಟ್, 1 ಆಂಪ್. ಕಾಗದದ ಲೆಕ್ಕದಲ್ಲಿ ಎಲ್ಲ ಸರಿ. ದೋಷ ಸಿಗದೆ ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಅಕ್ಕನ ಮಗ ಎಂಜಿನಿಯರಿಂಗ್ ಮೊದಲ ವರ್ಷ. ಅವನು ಲೇಬಲ್ ಓದಿ, ‘ಮಾವ, 240 ವೋಲ್ಟ್ 0.2 ಆಂಪ್ ಅಂತಿದೆ. ಗುಣಿಸಿದ್ರೆ 48 ವ್ಯಾಟ್. ಇಷ್ಟು ಸಾಲ್ದಾ?’ ಅಂದ. ಅವನು ಓದಿದ್ದು ಇನ್‌ಪುಟ್ ಸಾಲು. ಅದು ಗೋಡೆಯಿಂದ ಅಡಾಪ್ಟರ್ ಗರಿಷ್ಠ ಎಷ್ಟು ಎಳೆಯಬಹುದು ಎಂಬುದಕ್ಕೆ ಹಾಕಿದ ಮೇಲ್ಮಿತಿ. ವೋಲ್ಟೇಜ್ ತೀರ ಕಡಿಮೆ ಇರುವ ಊರಿನ ಲೆಕ್ಕವೂ ಅದರಲ್ಲೇ ಸೇರಿರುತ್ತದೆ. ನಮಗೆ ಬೇಕಾದದ್ದು ಔಟ್‌ಪುಟ್ ಸಾಲು. ಗುರುತು ಹಿಡಿಯುವುದು ಸುಲಭ: ಇನ್‌ಪುಟ್ ಪಕ್ಕ ಅಲೆಯ ಹಾಗೆ ಬಳುಕಿದ ಗೆರೆ ಇರುತ್ತದೆ, ಅದು ಎಸಿ. ಔಟ್‌ಪುಟ್ ಪಕ್ಕ ಒಂದು ನೇರ ಗೆರೆ, ಅದರ ಕೆಳಗೆ ಮೂರು ತುಂಡು ಗೆರೆ, ಅದು ಡಿಸಿ. ಅಲ್ಲಿನ 5 ವೋಲ್ಟನ್ನು 1 ಆಂಪಿನಿಂದ ಗುಣಿಸಿದರೆ 5 ವ್ಯಾಟ್. ಕೆಲವು ಹಳೆಯವುಗಳಲ್ಲಿ 1000 ಮಿಲಿಆಂಪ್ ಎಂದಿರುತ್ತದೆ, ಅದೂ 1 ಆಂಪೇ. ವೃತ್ತದೊಳಗೆ ರೋಮನ್ ಅಂಕಿಯಲ್ಲಿ ಆರು ಎಂದು ಬರೆದಿದ್ದರೆ ಅದನ್ನು 6 ವೋಲ್ಟ್ ಅಂದುಕೊಳ್ಳಬೇಡಿ; ಅಡಾಪ್ಟರ್ ಎಷ್ಟು ಕಡಿಮೆ ವಿದ್ಯುತ್ ಪೋಲು ಮಾಡುತ್ತದೆ ಎಂಬ ದರ್ಜೆ ಅದು. ನನ್ನ ಅಂಗಡಿಗೆ ಬಂದವರೊಬ್ಬರು ಹಾಗೆ ಅಂದುಕೊಂಡು ಮಗುವಿನ 6 ವೋಲ್ಟ್ ಆಟಿಕೆಗೆ ವೈರ್ ಕತ್ತರಿಸಿ ಜೋಡಿಸಿದ್ದರು.

ಈಗ ಮುಖ್ಯ ಮಾತು. ವೋಲ್ಟ್ ಎಂಬುದು ಅಡಾಪ್ಟರ್ ಕೊಡುವುದು. ಅದು ಉಪಕರಣಕ್ಕೆ ಹೊಂದಲೇಬೇಕು. ಆಂಪ್ ಎಂಬುದು ಉಪಕರಣ ಎಳೆದುಕೊಳ್ಳುವುದು. ಅಡಾಪ್ಟರ್ ಮೇಲಿನ ಆಂಪ್ ಅದಕ್ಕಿಂತ ಹೆಚ್ಚಿದ್ದರೆ ನಷ್ಟವಿಲ್ಲ, ಕಡಿಮೆ ಇದ್ದರೆ ತೊಂದರೆ. ಮನೆಯ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟ್. 1 ಆಂಪ್ ಅಡಾಪ್ಟರ್ ತೆಗೆದು 3 ಆಂಪಿನದು ಹಾಕಿದರೆ ಟ್ಯಾಂಕ್ ದೊಡ್ಡದಾಯಿತು, ಎತ್ತರ ಹಾಗೇ ಉಳಿಯಿತು. ನಲ್ಲಿಯಲ್ಲಿ ನೀರು ರಭಸವಾಗಿ ಬಂದು ಲೋಟ ಒಡೆಯುವುದಿಲ್ಲ. ‘ದೊಡ್ಡ ಚಾರ್ಜರ್ ಹಾಕಿದ್ರೆ ಫೋನ್ ಸುಟ್ಟೋಗಲ್ವಾ?’ ಎಂಬುದಕ್ಕೂ ಇದೇ ಉತ್ತರ.

ಮೀಟರ್ ಹೇಳಿದ್ದು

ಯುಎಸ್‌ಬಿ ಮೀಟರ್ ಎಂದು ಬೆರಳಿನಷ್ಟು ದೊಡ್ಡ ಸಾಧನ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಡಾಪ್ಟರಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸಿದರೆ ವೋಲ್ಟ್, ಆಂಪ್ ಎರಡೂ ತೋರಿಸುತ್ತದೆ. ಎರಡು ಕಡೆ ಅಳೆಯಬೇಕು: ಅಡಾಪ್ಟರಿನ ಬಾಯಲ್ಲಿ, ಆಮೇಲೆ ಕೇಬಲ್ ಮುಗಿಯುವಲ್ಲಿ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಅಳೆದು ‘ಎಲ್ಲ ಸರಿ ಇದೆ’ ಎಂದು ಇಳಿದುಬಿಡುತ್ತಾರೆ.

ಹಗಲು ಕ್ಯಾಮೆರಾ ಎಳೆಯುತ್ತಿದ್ದುದು 0.28 ಆಂಪ್. ಅಡಾಪ್ಟರ್ ಬಾಯಲ್ಲಿ 4.95 ವೋಲ್ಟ್, ಕ್ಯಾಮೆರಾ ತುದಿಯಲ್ಲಿ 4.3. ದಾರಿಯಲ್ಲೇ 0.65 ವೋಲ್ಟ್ ನುಂಗಿಹೋಗಿದೆ, ಆದರೂ ಹೇಗೋ ಓಡುತ್ತಿದೆ. ಬಟ್ಟೆ ಸುತ್ತಿ ರಾತ್ರಿ ಮಾಡಿದೆ. ಎಲ್‌ಇಡಿ ಹೊತ್ತಿ ಕರೆಂಟ್ 0.7 ಆಂಪ್ ಮುಟ್ಟುವ ಹೊತ್ತಿಗೆ ಅಡಾಪ್ಟರ್ ಬಾಯಲ್ಲೇ 4.6ಕ್ಕೆ ಇಳಿಯಿತು, ತುದಿಯಲ್ಲಿ 3 ವೋಲ್ಟ್. ಟಿಕ್.

ಅಂದರೆ ತಪ್ಪಿತಸ್ಥರು ಇಬ್ಬರು: ಒಂದು ಅಡಾಪ್ಟರ್, ಇನ್ನೊಂದು ದಾರಿಯ ಕೇಬಲ್. ಸರಿಯಾದ 5 ವೋಲ್ಟ್ ಅಡಾಪ್ಟರ್ ತನ್ನ ಪೂರ್ತಿ ಹೊರೆಯಲ್ಲೂ 4.75ಕ್ಕಿಂತ ಕೆಳಗಿಳಿಯಬಾರದು. ಇದು ಮುಕ್ಕಾಲು ಹೊರೆಗೇ 4.6. ವರ್ಷಗಟ್ಟಲೆ ಬಿಸಿಯಲ್ಲಿ ದುಡಿದ ಅಡಾಪ್ಟರಿನೊಳಗೆ ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರ್‌ಗಳು ಒಣಗುತ್ತವೆ, ಮೇಲಿನ ಲೇಬಲ್ ಮಾತ್ರ ಹೊಸದರಂತೆಯೇ ಇರುತ್ತದೆ. ಅದನ್ನು ಬಿಚ್ಚಿ ನೋಡುವ ಆಸೆ ಬೇಡ. ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟ್ ದಾಟಿದ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ದೊಡ್ಡ ಅಡಾಪ್ಟರ್ ಹಾಕಿದರೂ ಹಾಗೇ

ಬ್ಯಾಗಿನಲ್ಲಿದ್ದ ಹೊಸ 5 ವೋಲ್ಟ್ 2 ಆಂಪ್ ಅಡಾಪ್ಟರ್ ಹಾಕಿದೆ. ಬಾಯಲ್ಲಿ ಭರ್ತಿ 5.1 ವೋಲ್ಟ್. ತುದಿಯಲ್ಲಿ ಮತ್ತೆ ಮೂರೂವರೆಗೆ ಕುಸಿದು, ಟಿಕ್.

ಅಷ್ಟರಲ್ಲಿ ಅಕ್ಕನ ಮಗ ತನ್ನ ಫೋನಿನ 33 ವ್ಯಾಟ್ ಚಾರ್ಜರ್ ತಂದ. ಐದು ವ್ಯಾಟಿನ ಜಾಗಕ್ಕೆ ಮೂವತ್ತಮೂರು! ಅದನ್ನೂ ಹಾಕಿದೆವು. ಏನೇನೂ ಬದಲಾಗಲಿಲ್ಲ. ಅವನ ಮುಖ ಸಣ್ಣದಾಯಿತು.

ಇದು ಚೆನ್ನಾಗಿ ತಿಳಿಯಬೇಕಾದ ಸಂಗತಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವ್ಯಾಟ್, ಆ ಅಡಾಪ್ಟರಿನ ಭಾಷೆ ಗೊತ್ತಿರುವ ಫೋನಿಗೆ ಮಾತ್ರ ಸಿಗುವಂಥದ್ದು. ವೇಗದ ಚಾರ್ಜರ್ ಮೊದಲು ಕೊಡುವುದು ಬರೀ 5 ವೋಲ್ಟ್. ಆಮೇಲೆ ಫೋನ್ ‘ನನಗೆ 9 ಬೇಕು’, ‘11 ಬೇಕು’ ಎಂದು ಕೇಬಲ್ ಮೂಲಕ ಕೇಳುತ್ತದೆ, ಚಾರ್ಜರ್ ಒಪ್ಪಿದರೆ ಏರಿಸುತ್ತದೆ. ಒಂದೊಂದು ಕಂಪನಿಗೆ ಒಂದೊಂದು ಭಾಷೆ. ಎಲ್ಲರಿಗೂ ಸಾಮಾನ್ಯವಾದದ್ದು ಪವರ್ ಡೆಲಿವರಿ, ಅಂದರೆ ಪಿಡಿ. ಪಿಡಿ ಇರುವ 65 ವ್ಯಾಟ್ ಅಡಾಪ್ಟರ್ ತಿರುಗಿಸಿ ನೋಡಿದರೆ 5 ವೋಲ್ಟ್ 3 ಆಂಪ್, 9 ವೋಲ್ಟ್ 3 ಆಂಪ್, 15 ವೋಲ್ಟ್ 3 ಆಂಪ್, 20 ವೋಲ್ಟ್ 3.25 ಆಂಪ್ ಎಂದು ಸಾಲುಗಳಿರುತ್ತವೆ. ಆ 65 ಬರುವುದು ಕೊನೆಯ ಸಾಲಿನಲ್ಲಿ ಮಾತ್ರ. 5 ವೋಲ್ಟ್ ಬೇಡುವ ಕ್ಯಾಮೆರಾಕ್ಕೆ ಅದು 15 ವ್ಯಾಟಿನ ಅಡಾಪ್ಟರ್, ಅಷ್ಟೇ. ನಮ್ಮ ಕ್ಯಾಮೆರಾಕ್ಕಂತೂ ಯಾವ ಭಾಷೆಯೂ ಬಾರದು, ಮೂಕ.

ಹಾಗಾಗಿ ಅಡಾಪ್ಟರ್ ಕೊಳ್ಳುವಾಗ ಪೆಟ್ಟಿಗೆಯ ದೊಡ್ಡ ಅಂಕಿ ಬಿಟ್ಟು, ನಿಮ್ಮ ಉಪಕರಣದ ವೋಲ್ಟ್ ಇರುವ ಸಾಲು ಹುಡುಕಿ, ಅದರ ಪಕ್ಕದ ಆಂಪ್ ನೋಡಿ. ಉಪಕರಣ ಕೇಳುವುದಕ್ಕಿಂತ ಕಾಲು ಪಾಲಾದರೂ ಹೆಚ್ಚಿರಲಿ. ಜೊತೆಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು, ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಸ್‌ಸ್ಟ್ಯಾಂಡಿನ ಹತ್ತಿರ ರಾಶಿ ಹಾಕಿ ಮಾರುವುದರಲ್ಲಿ 3 ಆಂಪ್ ಎಂದು ಅಚ್ಚಾಗಿದ್ದು 1 ಆಂಪಿಗೇ ಉಸಿರುಗಟ್ಟಿದ್ದನ್ನು ನಾನೇ ಮೀಟರಿನಲ್ಲಿ ಕಂಡಿದ್ದೇನೆ.

ನುಂಗಿದ್ದು ಕೇಬಲ್

ಅಡಾಪ್ಟರ್ ಇದ್ದದ್ದು ಗೋಡೌನ್ ಒಳಗೆ, ಕ್ಯಾಮೆರಾ ಇದ್ದದ್ದು ಸೂರಿನ ತುದಿಯಲ್ಲಿ. ಕ್ಯಾಮೆರಾ ಜೊತೆ ಬಂದ 2 ಮೀಟರ್ ಕೇಬಲ್ ಸಾಲದೆ, 3 ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂದು ಜೋಡಿಸಿದ್ದರು. ಎಕ್ಸ್‌ಟೆನ್ಷನ್ ಮೈಮೇಲೆ ಕನ್ನಡಕ ಹಾಕಿಕೊಂಡು ಹುಡುಕಿದರೆ 28 ಗೇಜ್ ಎಂದು ಅಚ್ಚಾಗಿತ್ತು. ಪಂಪ್‌ಸೆಟ್ ರಿವೈಂಡಿಂಗ್ ಮಾಡುವವರನ್ನು ಕೇಳಿ, ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಣ್ಣ. ಈ 28 ಗೇಜ್ ತಂತಿ ಕರೆಂಟಿಗೆ ಒಡ್ಡುವ ತಡೆ ಮೀಟರಿಗೆ ಸುಮಾರು 0.21 ಓಮ್ (ಓಮ್ ಎಂದರೆ ತಡೆಯ ಅಳತೆ). ಕರೆಂಟು ಹೋಗಿ ವಾಪಸ್ ಬರಬೇಕಾದ್ದರಿಂದ 5 ಮೀಟರ್ ಕೇಬಲ್ ಎಂದರೆ 10 ಮೀಟರ್ ತಂತಿ, 2.1 ಓಮ್. ಜಾಯಿಂಟಿನ ಲೆಕ್ಕ ಸೇರಿಸಿ 2.3 ಇಟ್ಟುಕೊಳ್ಳೋಣ. 0.7 ಆಂಪಿನಿಂದ ಗುಣಿಸಿದರೆ 1.6 ವೋಲ್ಟ್. ಮೀಟರ್ ತೋರಿಸಿದ್ದೂ ಅಷ್ಟೇ.

ಭಾವನಿಗೆ ಓಮ್ ಲೆಕ್ಕ ಹಿಡಿಸಲಿಲ್ಲ. ‘ಹೂಮಳೆ ಬರ್ದೆ ಇದ್ದಾಗ ಸ್ಪ್ರಿಂಕ್ಲರ್ ಹಾಕ್ತೀರಲ್ಲ, ಸಣ್ಣ ಪೈಪನ್ನ ಉದ್ದಕ್ಕೆ ಎಳೆದ್ರೆ ಕೊನೇ ಜೆಟ್ ಏನಾಗ್ತದೆ?’ ಅಂತ ಕೇಳಿದೆ. ‘ತಿರುಗಲ್ಲ, ನೀರು ಸೋರ್ತದೆ ಅಷ್ಟೆ’ ಅಂದರು. ಅರೆಕ್ಷಣ ಬಿಟ್ಟು ಅವರೇ, ‘ಓಹೋ’ ಅಂದರು.

ಇನ್ನೊಂದು ಲೆಕ್ಕ ನನಗೇ ಇಷ್ಟವಾಯಿತು. 2.3 ಓಮ್ ಇರುವ ತಂತಿಯಲ್ಲಿ 5 ವೋಲ್ಟ್ ಕಳಿಸಿದರೆ ಆಚೆ ತುದಿಯಲ್ಲಿ ಸಿಗುವ ಗರಿಷ್ಠ ಶಕ್ತಿ ಸುಮಾರು 2.7 ವ್ಯಾಟ್. ಅರ್ಧ ವೋಲ್ಟೇಜು ತಂತಿಯಲ್ಲೇ ಕಳೆದಾಗ ಆ ಮಿತಿ ಬರುತ್ತದೆ. ಅಲ್ಲಿಂದ ಮುಂದೆ ಕರೆಂಟ್ ಹೆಚ್ಚಿಸಿದರೆ ತುದಿಗೆ ಸಿಗುವುದು ಇನ್ನೂ ಕಡಿಮೆ. ಕ್ಯಾಮೆರಾಕ್ಕೆ ರಾತ್ರಿ ಬೇಕಾದದ್ದು ಮೂರೂವರೆ ವ್ಯಾಟ್. 33 ಅಲ್ಲ, 330 ವ್ಯಾಟಿನ 5 ವೋಲ್ಟ್ ಅಡಾಪ್ಟರ್ ತಂದು ಗೋಡೌನಿನಲ್ಲಿಟ್ಟರೂ ಆ ಕೇಬಲ್ ತುದಿಯಲ್ಲಿ ಕ್ಯಾಮೆರಾ ರಾತ್ರಿ ಕಳೆಯುತ್ತಿರಲಿಲ್ಲ.

ಸರಿ ಮಾಡಿದ್ದು

ದಾರಿ ಮೂರಿದ್ದವು. ದಪ್ಪ ತಂತಿಯ ಕೇಬಲ್ ಹಾಕುವುದು ಒಂದು. 20 ಗೇಜಿನದಾದರೆ 5 ಮೀಟರಿಗೆ ತಡೆ 0.33 ಓಮಿಗೆ ಇಳಿಯುತ್ತದೆ, ಆದರೆ ಅಂಥ ಯುಎಸ್‌ಬಿ ಕೇಬಲ್ ಸುಲಭಕ್ಕೆ ಸಿಗುವುದಿಲ್ಲ. 12 ವೋಲ್ಟ್ ಕಳಿಸಿ ಕ್ಯಾಮೆರಾ ಪಕ್ಕದಲ್ಲಿ ಸಣ್ಣ ಬಕ್ ಕನ್ವರ್ಟರಿನಿಂದ 5ಕ್ಕೆ ಇಳಿಸುವುದು ಇನ್ನೊಂದು. ವೋಲ್ಟ್ ಹೆಚ್ಚಿದರೆ ಅದೇ ವ್ಯಾಟಿಗೆ ಆಂಪ್ ಕಡಿಮೆ ಸಾಕು, ತಂತಿ ನುಂಗುವುದೂ ಕಡಿಮೆ. ಪಿಡಿಯವರು ಲ್ಯಾಪ್‌ಟಾಪಿಗೆ 20 ವೋಲ್ಟ್ ಇಟ್ಟದ್ದೂ ಇದಕ್ಕೇ. 65 ವ್ಯಾಟನ್ನು 5 ವೋಲ್ಟಿನಲ್ಲಿ ಕೊಡಬೇಕಾದರೆ 13 ಆಂಪ್ ಬೇಕು, ಆ ಸಣ್ಣ ಕೇಬಲ್ ಕಾಯ್ದುಹೋದೀತು.

ನಾವು ಮಾಡಿದ್ದು ಮೂರನೆಯದು. ಎಲೆಕ್ಟ್ರಿಷಿಯನ್ ಕರೆಸಿ 230 ವೋಲ್ಟಿನ ವೈರನ್ನೇ ಪೈಪಿನಲ್ಲಿ ಸೂರಿನ ಒಳಮಗ್ಗುಲಿಗೆ ಎಳೆಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಬಾಕ್ಸಿನಲ್ಲಿ ಸಾಕೆಟ್ ಕೂರಿಸಿ, ಆ ಲೈನಿಗೆ ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದೆವು. ಅಡಾಪ್ಟರ್ ಬೆನ್ನಲ್ಲಿ ಪುಟ್ಟ ಮನೆಯ ಚಿತ್ರ ಇರುತ್ತದೆ. ಮನೆಯೊಳಗೆ ಮಾತ್ರ ಬಳಸಿ ಎಂದು ಅರ್ಥ. ಸಕಲೇಶಪುರದ ಮಳೆಯಲ್ಲಿ ಆ ಚಿತ್ರಕ್ಕೆ ಮರ್ಯಾದೆ ಕೊಡದಿದ್ದರೆ ಜುಲೈ ತಿಂಗಳಿಗೆ ಅನುಭವಿಸಬೇಕಾಗುತ್ತದೆ. ಬಾಕ್ಸಿನ ತೂತು ಕೆಳಮುಖವಾಗಿರಲಿ, ಕೇಬಲ್ ಒಮ್ಮೆ ಜೋತುಬಿದ್ದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

2 ಆಂಪ್ ಅಡಾಪ್ಟರ್, 1 ಮೀಟರಿನ 24 ಗೇಜ್ ಕೇಬಲ್. ಬಟ್ಟೆ ಸುತ್ತಿ ಅಳೆದರೆ ತುದಿಯಲ್ಲಿ 4.9 ವೋಲ್ಟ್. ಕುತೂಹಲಕ್ಕೆ ಹಳೆಯ 1 ಆಂಪ್ ಅಡಾಪ್ಟರನ್ನೂ ಇದೇ ಸಣ್ಣ ಕೇಬಲ್ಲಿಗೆ ಹಾಕಿದೆ, 4.4ರಲ್ಲಿ ಓಡಿತು, ಹತ್ತು ನಿಮಿಷಕ್ಕೆ ಕೈ ಇಡಲಾರದಷ್ಟು ಬಿಸಿಯಾಯಿತು. ಮೂಲ ದೋಷ ಕೇಬಲ್ಲಿನದೇ ಎಂದು ಖಾತ್ರಿಯಾಯಿತು, ಅಡಾಪ್ಟರನ್ನು ಮಾತ್ರ ಮತ್ತೆ ಯಾರೂ ಹಾಕದಂತೆ ನಾನೇ ತೆಗೆದುಕೊಂಡು ಬಂದೆ. ‘ಹಲ್ಲಿ ಈಗ ಸಂಜೆ ಒಂದ್ಸಲ, ಬೆಳಿಗ್ಗೆ ಒಂದ್ಸಲ ಲೊಚಗುಟ್ಟಿ ಸುಮ್ನಾಗ್ತದೆ’ ಎಂದು ಮಾರನೇ ದಿನ ಭಾವ ಫೋನ್ ಮಾಡಿದರು.

ಇದೇ ಕುಲದ ಬೇರೆ ದೂರುಗಳು

ಎರಡು ಮೂರು ಪೋರ್ಟಿನ ಅಡಾಪ್ಟರಿಗೆ ಕ್ಯಾಮೆರಾ ಹಾಕಿದ್ದೀರಿ, ಯಾರಾದರೂ ಪಕ್ಕದ ಪೋರ್ಟಿಗೆ ಫೋನ್ ಸಿಕ್ಕಿಸಿದಾಗೆಲ್ಲ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ ಎನ್ನಿ. ಅಡಾಪ್ಟರ್ ಕೆಟ್ಟಿಲ್ಲ. 65 ವ್ಯಾಟ್ ಎಂಬುದು ಒಂದೇ ಪೋರ್ಟ್ ಬಳಸಿದಾಗಿನ ಮಾತು; ಎರಡನೆಯದು ಬಂದ ಕೂಡಲೇ 45 ಮತ್ತು 20 ಎಂದೋ ಇನ್ನೊಂದು ಬಗೆಯಲ್ಲೋ ಪಾಲು ಮಾಡುತ್ತದೆ. ಪಾಲು ಮಾಡುವಾಗ ಕೆಲವು ಅಡಾಪ್ಟರ್‌ಗಳು ಎಲ್ಲ ಪೋರ್ಟನ್ನೂ ಕ್ಷಣಕಾಲ ಬಂದ್ ಮಾಡಿ ತೆರೆಯುತ್ತವೆ. ಹಗಲೂ ರಾತ್ರಿ ಓಡಬೇಕಾದ ವಸ್ತುವಿಗೆ ತನ್ನದೇ ಒಂಟಿ ಅಡಾಪ್ಟರ್ ಇರಲಿ.

ಕರೆಂಟ್ ಹೋದಾಗ ಪವರ್ ಬ್ಯಾಂಕಿನಿಂದ ರೌಟರ್ ಓಡಿಸಲು 5ನ್ನು 12 ವೋಲ್ಟ್ ಮಾಡುವ ಕೇಬಲ್ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಇದು ತುಂಬ ಖರ್ಚಾಗುತ್ತದೆ, ‘ಐದು ನಿಮಿಷಕ್ಕೇ ಆಫ್ ಆಗ್ತದೆ’ ಎಂಬ ದೂರೂ ಅಷ್ಟೇ ಬರುತ್ತದೆ. ರೌಟರ್ 12 ವೋಲ್ಟ್ 1 ಆಂಪಿನದಾದರೆ ಪೂರ್ತಿ ಹೊರೆಯಲ್ಲಿ 12 ವ್ಯಾಟ್. ಏರಿಸುವ ಕೇಬಲ್ಲಿನ ನಷ್ಟ ಸೇರಿ ಈಚೆ 14 ವ್ಯಾಟ್ ಬೇಕು, ಅಂದರೆ 5 ವೋಲ್ಟಿನಲ್ಲಿ 2.8 ಆಂಪ್. ಪವರ್ ಬ್ಯಾಂಕ್ ಮೇಲೆ 2 ಆಂಪ್ ಎಂದಿದ್ದರೆ ಅದು ಕೈ ಎತ್ತುವುದು ಸಹಜ. ಪವರ್ ಬ್ಯಾಂಕಿನ ಮೇಲಿರುವ 10000 ಮಿಲಿಆಂಪ್ ಅವರ್ ಬೇರೆಯದೇ ಅಂಕಿ, ಎಷ್ಟು ಹೊತ್ತು ಬರುತ್ತದೆ ಎಂಬುದರದ್ದು. ಅದೂ ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಒಟ್ಟು 37 ವ್ಯಾಟ್ ಅವರ್.

ಕೊನೆಯದು, ಈಚೆಗೆ ಹೆಚ್ಚು ಬರುತ್ತಿರುವುದು. ಟೈಪ್ ಸಿ ಬಾಯಿಯ ಅಗ್ಗದ ಹೆಡ್‌ಲೈಟ್, ಟಾರ್ಚ್, ಸಣ್ಣ ಫ್ಯಾನ್. ಹಳೆಯ ಚೌಕ ಬಾಯಿಯ ಚಾರ್ಜರಿನಲ್ಲಿ ಚಾರ್ಜ್ ಆಗುತ್ತದೆ, ಎರಡೂ ಕಡೆ ಸಿ ಇರುವ ಕೇಬಲ್ ಹಾಕಿ ಹೊಸ ಚಾರ್ಜರಿಗೆ ಕೊಟ್ಟರೆ ಏನೂ ಇಲ್ಲ. ಗಿರಾಕಿ ಚಾರ್ಜರ್ ಕೆಟ್ಟಿದೆ ಎಂದು ತರುತ್ತಾರೆ. ಸಿ ಚಾರ್ಜರ್ ಆಚೆ ಕಡೆ ಯಾರೋ ಇದ್ದಾರೆ ಎಂದು ಖಾತ್ರಿಯಾಗುವವರೆಗೆ 5 ವೋಲ್ಟನ್ನೂ ಬಿಡುವುದಿಲ್ಲ. ಆ ಖಾತ್ರಿ ಕೊಡುವುದು ಉಪಕರಣದ ಸಾಕೆಟ್ಟಿನ ಎರಡು ಸಿಸಿ (ಜೋಡಣೆ ಗುರುತಿಸುವ) ಪಿನ್ನುಗಳಿಂದ ಗ್ರೌಂಡಿಗೆ ಹಾಕಿರಬೇಕಾದ 5.1 ಕಿಲೋಓಮಿನ ಎರಡು ರೆಸಿಸ್ಟರ್‌ಗಳು. ಹತ್ತಿಪ್ಪತ್ತು ಪೈಸೆ ಉಳಿಸಲು ತಯಾರಕರು ಅವನ್ನೇ ಬಿಟ್ಟಿರುತ್ತಾರೆ. ಪಿನ್ನುಗಳಿಗೆ ಜಾಗವಿರುವ ಬೋರ್ಡಾದರೆ ಎರಡನ್ನೂ ಬೆಸುಗೆ ಹಾಕಿಕೊಡುತ್ತೇನೆ. ಜಾಗವಿಲ್ಲದಿದ್ದರೆ ಚೌಕ ಬಾಯಿಯ ಹಳೇ ಚಾರ್ಜರ್ ಎಸೆಯಬೇಡಿ, ಆ ಹೆಡ್‌ಲೈಟ್ ಜೊತೆಗೇ ಕಟ್ಟಿಡಿ ಎಂದು ಹೇಳಿ ಕಳಿಸುತ್ತೇನೆ.